ಒರೆಸಿದ ಮೇಲೂ ಉಳಿಯುವ ಗುಡ್ಡ

ಕೇಳುಗರಿಗೆ ನಮಸ್ಕಾರ.

ನಾನು ಬೆಳೆದದ್ದು ಕೆಜಿಎಫ್ ಪಕ್ಕದ ಒಂದು ಹಳ್ಳಿಯಲ್ಲಿ. ನಮ್ಮ ಹಿತ್ತಲಲ್ಲಿ ನಿಂತರೆ ಸೈನೈಡ್ ದಿಬ್ಬ ಕಾಣುತ್ತಿತ್ತು. ಮರವಿಲ್ಲ, ಮಟ್ಟಿಯಿಲ್ಲ, ನೆತ್ತಿ ಸವರಿದ ಹಾಗೆ ಚಪ್ಪಟೆ. ಮಳೆನೀರು ಹರಿದು ಮೈತುಂಬ ಕೊರಕಲು. ಆಷಾಢದ ಗಾಳಿ ಎದ್ದಿತೆಂದರೆ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಟ್ಟೆ ತೆಗೆಯಲು ಓಡುತ್ತಿದ್ದರು. ಸ್ವಲ್ಪ ತಡವಾದರೂ ದಿಬ್ಬದ ಪುಡಿ ಬಿಳಿ ಪಂಚೆಯ ಮೇಲೆ ಕೂತುಬಿಡುತ್ತಿತ್ತು. ಅದು ಗುಡ್ಡವಲ್ಲ, ನಮ್ಮ ತಾತನಂಥವರು ನೆಲದಾಳದಿಂದ ಒಡೆದು ತಂದ ಕಲ್ಲು. ಮಿಲ್ಲಿನಲ್ಲಿ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮರಳು. ಅದು ನನಗೆ ಅರ್ಥವಾಗುವ ಹೊತ್ತಿಗೆ ತಾತ ಇರಲಿಲ್ಲ.

ಚಿತ್ರಕಲೆ ಓದುವಾಗ ಒಂದು ದಿನ ಗ್ರಂಥಾಲಯದಲ್ಲಿ ಪುಸ್ತಕವೊಂದರ ಪುಟ ತಿರುವಿದೆ. ಇದ್ದಿಲಲ್ಲಿ ಬರೆದ ಚಿತ್ರ. ಬಯಲು, ಕಂಬಗಳು, ಹಿಂದೆ ನೆತ್ತಿ ಚಪ್ಪಟೆಯಾದ ಅದೇ ದಿಬ್ಬ. ನಮ್ಮೂರನ್ನು ಯಾರು ಬರೆದರಪ್ಪಾ ಎಂದು ಕೆಳಗೆ ನೋಡಿದರೆ ಊರು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್. ಬರೆದವರು ವಿಲಿಯಂ ಕೆಂಟ್ರಿಜ್. ಇವತ್ತು ನಾನು ಮಾತಾಡಬೇಕೆಂದಿರುವುದು ಅವರ ಬಗ್ಗೆ, ಅವರ ಓಡಾಡುವ ಚಿತ್ರಗಳ ಬಗ್ಗೆ, ಆ ಚಿತ್ರಗಳು ಗ್ಯಾಲರಿಯ ಗೋಡೆಗೆ ಯಾಕೆ ಬಂದವು ಎಂಬುದರ ಬಗ್ಗೆ.

ಆನಿಮೇಷನ್ ಎಂದರೆ ನಮಗೆ ಕಾರ್ಟೂನು ನೆನಪಾಗುತ್ತದೆ. ಒಂದು ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರ. ಎಂಟು ನಿಮಿಷಕ್ಕೆ ಲೆಕ್ಕ ಹಾಕಿದರೆ 11,520. ದೊಡ್ಡ ಸ್ಟುಡಿಯೋಗಳಲ್ಲಿ ಸಾಲಾಗಿ ಕೂತ ಕಲಾವಿದರು ಪಾರದರ್ಶಕ ಹಾಳೆಗಳ ಮೇಲೆ ಸಾವಿರಾರು ಚಿತ್ರ ಬರೆಯುತ್ತಿದ್ದರು. ಕೆಂಟ್ರಿಜ್ ಹಾಗೆ ಮಾಡಲಿಲ್ಲ. ಗೋಡೆಗೆ ಒಂದು ದೊಡ್ಡ ಹಾಳೆ ಸಿಕ್ಕಿಸುತ್ತಾರೆ. ಕೊಠಡಿಯ ಆ ತುದಿಯಲ್ಲಿ ಕ್ಯಾಮೆರಾ. ಇದ್ದಿಲಲ್ಲಿ ಒಬ್ಬ ಮನುಷ್ಯನನ್ನು ಬರೆದು, ನಡೆದುಹೋಗಿ ಒಂದೆರಡು ಚೌಕಟ್ಟು ತೆಗೆದು, ಮತ್ತೆ ಹಾಳೆಯ ಹತ್ತಿರ ಬರುತ್ತಾರೆ. ಆ ಮನುಷ್ಯನ ಕೈಯನ್ನು ರಬ್ಬರಿನಲ್ಲಿ ಒರೆಸಿ ಒಂದಿಷ್ಟು ಮೇಲೆ ಬರೆದು, ಮತ್ತೆ ಕ್ಯಾಮೆರಾಕ್ಕೆ ನಡೆಯುತ್ತಾರೆ. ದಿನಗಟ್ಟಲೆ, ತಿಂಗಳುಗಟ್ಟಲೆ ಹೀಗೆಯೇ. ಕೈಯಲ್ಲಿ ಬರೆದಿಟ್ಟ ಕಥೆಯೂ ಇರುವುದಿಲ್ಲ. ಮುಂದೇನು ಎಂಬುದು ಆ ನಡಿಗೆಯಲ್ಲೇ ಹೊಳೆಯಬೇಕು.

ಇದ್ದಿಲಿಗೆ ಒಂದು ಸ್ವಭಾವವಿದೆ. ಎಷ್ಟು ಒರೆಸಿದರೂ ಪೂರ್ತಿ ಹೋಗುವುದಿಲ್ಲ. ನಾವು ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು, ಎಂಜಲು ಹಚ್ಚಿ ಅಂಗೈಯಲ್ಲಿ ಒರೆಸುತ್ತಿದ್ದೆವಲ್ಲ, ಒಣಗಿದ ಮೇಲೆ ಹಳೆಯ ಅಕ್ಷರ ಮಸುಕಾಗಿ ಕಾಣುತ್ತಿತ್ತಲ್ಲ, ಥೇಟ್ ಹಾಗೆ. ಅವರ ಚಿತ್ರದಲ್ಲಿ ಒಬ್ಬ ನಡೆದುಹೋದರೆ ಹಿಂದೆ ಬೂದು ಬಣ್ಣದ ಜಾಡು ಉಳಿಯುತ್ತದೆ. ಮೊದಮೊದಲು ಆ ಕಲೆ ಹೋಗಲಾಡಿಸಲು ಅವರೂ ಒದ್ದಾಡಿದ್ದುಂಟು. ಆಮೇಲೆ ಅದನ್ನು ಹಾಗೆಯೇ ಇರಗೊಟ್ಟರು. ಅವರ ಕಲೆಯ ಜೀವ ಇರುವುದು ಆ ತೀರ್ಮಾನದಲ್ಲಿ ಎಂದು ನನ್ನ ಭಾವನೆ.

ಹೀಗಾಗಿ ಎಂಟು ನಿಮಿಷದ ಚಿತ್ರ ಮುಗಿದಾಗ ಕೈಯಲ್ಲಿ ಸಾವಿರಾರು ಹಾಳೆ ಉಳಿಯುವುದಿಲ್ಲ. 1994ರ ‘ಫೆಲಿಕ್ಸ್ ಇನ್ ಎಕ್ಸೈಲ್’ ಚಿತ್ರಕ್ಕೆ ಉಳಿದದ್ದು ಸುಮಾರು 40 ಹಾಳೆ. ಒಂದೊಂದು ದೃಶ್ಯಕ್ಕೆ ಒಂದೊಂದು ಹಾಳೆ, ಅದರ ಮೇಲೆ ನೂರಾರು ಸಲ ಬರೆದು ಒರೆಸಿದ ಗುರುತು. ಗ್ಯಾಲರಿಯಲ್ಲಿ ಕತ್ತಲ ಕೋಣೆಯೊಳಗೆ ಚಿತ್ರ ಓಡುತ್ತಿರುತ್ತದೆ, ಹೊರಗಿನ ಗೋಡೆಯ ಮೇಲೆ ಆ ಹಾಳೆಗಳು ತೂಗಿರುತ್ತವೆ. ಪರದೆಯ ಮೇಲೆ ಕಂಡದ್ದು ಹಾಳೆಯಲ್ಲಿಲ್ಲ, ಎಲ್ಲ ಆಗಿಹೋದ ಮೇಲಿನ ಕೊನೆಯ ಗಳಿಗೆ ಮಾತ್ರ ಅಲ್ಲಿದೆ. ಆದರೆ ಹತ್ತಿರ ಹೋಗಿ ನೋಡಿದರೆ ಉಜ್ಜಿ ಉಜ್ಜಿ ಕಾಗದದ ನಾರು ಎದ್ದಿರುತ್ತದೆ, ಬೂದಿಯೊಳಗೆ ಒಂದು ತೋಳಿನ ನೆರಳು, ಒಂದು ಬೆನ್ನಿನ ಗೆರೆ. ಇಂಥ ಪ್ರದರ್ಶನ ನೋಡುವ ಅವಕಾಶ ನಿಮಗೆ ಸಿಕ್ಕರೆ, ಚಿತ್ರ ನೋಡಿಕೊಂಡು ಹಾಗೇ ಹೊರಟುಬಿಡಬೇಡಿ. ಹಾಳೆಯ ಮುಂದೆ ನಿಲ್ಲಿ.

1989ರಿಂದ 2020ರವರೆಗೆ ಇಂಥ ಇದ್ದಿಲಿನ ಚಿತ್ರಗಳ ಒಂದು ಸರಣಿಯಲ್ಲಿ ಅವರು 11 ಚಿತ್ರ ಮಾಡಿದ್ದಾರೆ. ಅವುಗಳಲ್ಲಿ ಇಬ್ಬರು ಮತ್ತೆ ಮತ್ತೆ ಬರುತ್ತಾರೆ. ಸೋಹೊ ಎಕ್‌ಸ್ಟೀನ್ ಎಂಬ ಗಣಿ ಮಾಲೀಕ, ಸದಾ ಪಟ್ಟೆಪಟ್ಟೆ ಸೂಟು, ಬಾಯಲ್ಲಿ ಸಿಗಾರು. ಇನ್ನೊಬ್ಬ ಫೆಲಿಕ್ಸ್, ಮೈಮೇಲೆ ಬಟ್ಟೆಯೇ ಇಲ್ಲದ ಕನಸುಗಾರ. ಇಬ್ಬರ ಮುಖದಲ್ಲೂ ಕೆಂಟ್ರಿಜ್ ಅವರದೇ ಹೋಲಿಕೆ.

1991ರ ‘ಮೈನ್’ ಎಂಬ ಚಿತ್ರದ ಒಂದು ದೃಶ್ಯ ಹೇಳುತ್ತೇನೆ, ಕಣ್ಣು ಮುಚ್ಚಿ ಕೇಳಿ. ಸೋಹೊ ಬೆಳಿಗ್ಗೆ ಹಾಸಿಗೆಯಲ್ಲಿ ಒರಗಿದ್ದಾನೆ. ಮುಂದೆ ತಟ್ಟೆ, ತಟ್ಟೆಯಲ್ಲಿ ಕಾಫಿಯ ಗಾಜಿನ ಜಾಡಿ. ಪುಡಿಯನ್ನು ತಳಕ್ಕೆ ಒತ್ತಲು ಅದಕ್ಕೊಂದು ಹಿಡಿಯಿರುವ ಬಿಲ್ಲೆ. ಸೋಹೊ ಹಿಡಿ ಒತ್ತುತ್ತಾನೆ. ಬಿಲ್ಲೆ ಜಾಡಿಯ ತಳಕ್ಕೆ ಬಂದು ನಿಲ್ಲುವುದಿಲ್ಲ. ತಟ್ಟೆಯನ್ನು ತೂರಿ, ಹಾಸಿಗೆಯನ್ನು ತೂರಿ, ನೆಲದೊಳಗೆ ಇಳಿಯುತ್ತದೆ. ಸ್ನಾನಕ್ಕೆ ನಿಂತ ಗಣಿ ಕಾರ್ಮಿಕರ ನಡುವೆ, ಕಾಂಕ್ರೀಟು ಗೂಡುಗಳಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿದವರ ನಡುವೆ, ಬಂಡೆ ಕೊರೆಯುವವರ ನಡುವೆ ಇಳಿಯುತ್ತಲೇ ಹೋಗುತ್ತದೆ. ಕಾಫಿ ಒತ್ತುವ ಕಡ್ಡಿಯೇ ಗಣಿಯ ಶಾಫ್ಟು! ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ತಾತ ಕೇಜಿನಲ್ಲಿ ಇಳಿಯುವಾಗ ಕಿವಿ ಗುಯ್ಗುಟ್ಟುತ್ತಿತ್ತು ಎನ್ನುತ್ತಿದ್ದರಂತೆ. ಮೇಲೆ ಬಂಗಲೆಗಳಲ್ಲಿ ದೊರೆಗಳ ಉಪಾಹಾರ, ಕೆಳಗೆ ಇವರು. ಆ ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಂಟ್ರಿಜ್ ಹುಟ್ಟಿದ್ದು 1955ರಲ್ಲಿ, ಬಿಳಿಯರ ಮನೆಯಲ್ಲಿ. ತಂದೆ ಸಿಡ್ನಿ ಕೆಂಟ್ರಿಜ್ ದೊಡ್ಡ ವಕೀಲರು, ವರ್ಣಭೇದದ ಆಡಳಿತದಲ್ಲಿ ನೆಲ್ಸನ್ ಮಂಡೇಲಾ ಮತ್ತು ಸಂಗಾತಿಗಳ ಮೇಲಿನ ರಾಜದ್ರೋಹದ ಮೊಕದ್ದಮೆಯಲ್ಲಿ ಅವರ ಪರ ವಾದಿಸಿದವರು. ಮಗನಿಗೆ ಆರು ವರ್ಷ ಇರಬಹುದು, ಅಪ್ಪನ ಕೋಣೆಯಲ್ಲಿ ಒಂದು ಹಳದಿ ಡಬ್ಬ ಕಂಡಿತು. ಚಾಕೊಲೇಟು ಇರಬೇಕೆಂದು ಮುಚ್ಚಳ ತೆಗೆದ. ಒಳಗಿದ್ದದ್ದು ಫೋಟೋಗಳು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದಿದ್ದರು. ಆ ಹೆಣಗಳ ಫೋಟೋ. ‘ಫೆಲಿಕ್ಸ್ ಇನ್ ಎಕ್ಸೈಲ್’ ನೋಡುವಾಗ ನನಗೆ ಆ ಡಬ್ಬ ನೆನಪಾಗದೆ ಇರುವುದಿಲ್ಲ. ಅದರಲ್ಲಿ ನಂದಿ ಎಂಬ ಕಪ್ಪು ಹೆಣ್ಣುಮಗಳು ಭೂಮಾಪನದ ಯಂತ್ರ ಹಿಡಿದು ಗಣಿ ಬಯಲನ್ನು ಅಳೆಯುತ್ತಾಳೆ. ಬಯಲಲ್ಲಿ ಬಿದ್ದ ದೇಹಗಳ ಮೇಲೆ ಸುದ್ದಿಪತ್ರಿಕೆಯ ಹಾಳೆಗಳು ಹಾರಿಬಂದು ಮುಚ್ಚುತ್ತವೆ, ನಿಧಾನಕ್ಕೆ ದೇಹ ನೆಲದಲ್ಲಿ ಕರಗುತ್ತದೆ. ದೇಶದ ಎಲ್ಲ ಜನರೂ ಮತ ಹಾಕಿದ ಮೊದಲ ಚುನಾವಣೆ ನಡೆದದ್ದು ಆ 1994ರಲ್ಲೇ. ಹೊಸ ದೇಶ ಕಟ್ಟುವ ಸಂಭ್ರಮದಲ್ಲಿ ಈ ನೆಲದೊಳಗಿರುವವರನ್ನು ಮರೆಯುತ್ತೀರಾ ಎಂದು ಆ ಹೊತ್ತಿನಲ್ಲಿ ಕೇಳಲು ಗಟ್ಟಿ ಎದೆ ಬೇಕು.

ಅವರ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಕೊಚ್ಚಿಯಲ್ಲಿ. 2019ರ ಜನವರಿಯಲ್ಲಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ‘ಮೋರ್ ಸ್ವೀಟ್ಲಿ ಪ್ಲೇ ದ ಡಾನ್ಸ್’ ಎಂಬ ಅವರ ಕೃತಿ ಅಲ್ಲಿತ್ತು. ಎಂಟು ಪರದೆಗಳು ಸಾಲಾಗಿ, ಹದಿನೈದು ನಿಮಿಷ. ಹಿಂದೆ ಇದ್ದಿಲಿನ ಬಯಲು, ಮುಂದೆ ಮುಗಿಯದ ಮೆರವಣಿಗೆ. ಹಿತ್ತಾಳೆ ವಾದ್ಯದ ತಂಡ, ಕುಣಿಯುವ ಅಸ್ಥಿಪಂಜರಗಳು, ಗ್ಲೂಕೋಸ್ ಕಂಬ ತಳ್ಳಿಕೊಂಡು ನಡೆಯುವ ರೋಗಿಗಳು. ಎಲ್ಲರೂ ನೆರಳಿನಂತೆ ಕಪ್ಪು. ಕೊನೆಯಲ್ಲಿ ಬ್ಯಾಲೆ ನರ್ತಕಿ ಡಾಡಾ ಮಸಿಲೊ ಕೈಯಲ್ಲಿ ಬಂದೂಕು ಹಿಡಿದು ತುದಿಗಾಲಲ್ಲಿ ಹೆಜ್ಜೆ ಹಾಕುತ್ತಾರೆ. ಆ ಕಲಾವಿದೆ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸುದ್ದಿ ಓದಿದಾಗ ಆ ಹೆಜ್ಜೆಗಳೇ ಕಣ್ಣ ಮುಂದೆ ಬಂದವು. ನಾನು ಅಂದು ಮೂರು ಸಲ ನೋಡಿದೆ. ಒಂದು ಪರದೆಯಿಂದ ಇನ್ನೊಂದಕ್ಕೆ ಮೆರವಣಿಗೆಯ ಜೊತೆಗೇ ನಡೆದುಬಿಟ್ಟೆ. ಚಿತ್ರಮಂದಿರದ ಕುರ್ಚಿಯಲ್ಲಿ ಕೂತರೆ ಹಾಗೆ ನಡೆಯಲು ಆಗುತ್ತದೆಯೇ?

ಸರಣಿಯ ಹನ್ನೊಂದನೆಯ ಚಿತ್ರ ‘ಸಿಟಿ ಡೀಪ್’, 2020ರದು. ಅದರಲ್ಲಿ ಮುಚ್ಚಿದ ಗಣಿಗಳ ಅಂಚಿನಲ್ಲಿ ಸಣ್ಣ ಸುತ್ತಿಗೆ ಹಿಡಿದು ಉಳಿದ ಚೂರುಪಾರು ಚಿನ್ನ ಹುಡುಕುವವರಿದ್ದಾರೆ, ಅಲ್ಲಿ ಅವರನ್ನು ಜಾಮಾ ಜಾಮಾ ಎನ್ನುತ್ತಾರೆ. ಜುಲು ಭಾಷೆಯಲ್ಲಿ ಪ್ರಯತ್ನ ಮಾಡುವುದು ಎಂದರ್ಥ. ಅದೇ ಚಿತ್ರದಲ್ಲಿ ಜೊಹಾನ್ಸ್‌ಬರ್ಗ್ ಆರ್ಟ್ ಗ್ಯಾಲರಿಯ ಕಟ್ಟಡ ಕುಸಿಯುತ್ತದೆ. ಗ್ಯಾಲರಿಯ ಗೋಡೆಗಾಗಿ ಬರೆದ ಚಿತ್ರದಲ್ಲಿ ಗ್ಯಾಲರಿಯೇ ಪುಡಿಯಾಗುವುದನ್ನು ನೋಡುವಾಗ ಎದೆ ಭಾರವಾಗುತ್ತದೆ.

ಜೊಹಾನ್ಸ್‌ಬರ್ಗಿನ ದಿಬ್ಬಗಳು ಈಗ ಕರಗುತ್ತಿವೆ. ಮರಳಲ್ಲಿ ಉಳಿದ ಚಿನ್ನಕ್ಕಾಗಿ ಅವನ್ನು ಮತ್ತೆ ಅರೆಯುತ್ತಾರೆ. ಮಗುವಾಗಿದ್ದಾಗ ಕಂಡ ಗುಡ್ಡ ದೊಡ್ಡವನಾಗುವಷ್ಟರಲ್ಲಿ ಇಲ್ಲ. ನಮ್ಮ ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. 2024ರಲ್ಲಿ ಇಲ್ಲಿನ ದಿಬ್ಬಗಳ ಮರಳಿನಿಂದಲೂ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಪುಡಿ ಹಾರುವುದು ನಿಂತರೆ, ನಮ್ಮವರಿಗೆ ಕೆಲಸ ಸಿಕ್ಕರೆ ನನಗೆ ಸಂತೋಷವೇ. ಆದರೂ ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನೀಗ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತೇನೆ. ಹೋದ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಒಲೆಯ ಇದ್ದಿಲು ತರಲು ಹೇಳಿದೆ. ಗೋಡೆಗೆ ಒಂದು ಹಾಳೆ ಅಂಟಿಸಿ, ನನ್ನ ಮೊಬೈಲನ್ನು ಪುಸ್ತಕಗಳ ನಡುವೆ ನಿಲ್ಲಿಸಿದೆವು. ಏನು ಬರೆಯೋಣ ಎಂದರೆ ಒಬ್ಬ ಹುಡುಗಿ ಎದ್ದು ಸೈನೈಡ್ ದಿಬ್ಬ ಬರೆದಳು. ನಂತರ ಸರದಿ ಪ್ರಕಾರ ಒಬ್ಬೊಬ್ಬರೂ ಬಂದು ರಬ್ಬರಿನಲ್ಲಿ ಬೆರಳಗಲ ಒರೆಸಬೇಕು, ಪಕ್ಕಕ್ಕೆ ಸರಿಯಬೇಕು, ನಾನು ಫೋಟೋ ತೆಗೆಯಬೇಕು. ಎರಡು ಪೀರಿಯಡ್ ಹಿಡಿಯಿತು. ಓಡಿಸಿ ನೋಡಿದರೆ ಎಂಟು ಸೆಕೆಂಡು. ಮಕ್ಕಳು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಗಂಟೆ ಹೊಡೆಯಿತು, ಎಲ್ಲರೂ ಊಟಕ್ಕೆ ಓಡಿದರು. ಬೋಳಾದ ಹಾಳೆಯನ್ನು ತೆಗೆಯಲು ಹೋದೆ. ಕಿಟಕಿಯ ಬಿಸಿಲು ಓರೆಯಾಗಿ ಅದರ ಮೇಲೆ ಬಿದ್ದಿತ್ತು. ಕಾಗದದ ನಾರಿನೊಳಗೆ, ನೆತ್ತಿ ಚಪ್ಪಟೆಯಾದ ಬೂದು ದಿಬ್ಬ ಇನ್ನೂ ಇತ್ತು, ಅದರ ಮೈಮೇಲೆ ಮೂವತ್ತೆಂಟು ಮಕ್ಕಳ ಬೆರಳ ಗುರುತು. ನಾನು ಹಾಳೆಯನ್ನು ತೆಗೆಯಲಿಲ್ಲ. ಈಗಲೂ ಅದು ಅಲ್ಲೇ ಇದೆ.

ನಮಸ್ಕಾರ.