ನೆರಳಲ್ಲಿ ಒಣಗಿದ ಎಲೆ

ಕೇಳುಗರಿಗೆಲ್ಲ ನಮಸ್ಕಾರ.

ಗಿಡ ಬೆಳೆಸುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಣ್ಣು ಹೀಗಿರಲಿ, ನೀರು ಇಷ್ಟಿರಲಿ ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಕೊಯ್ಲಿನ ಮಾತು ಬಂದಾಗ ಮಾತ್ರ "ಒಣಗಿಸಿ ಡಬ್ಬಿಗೆ ತುಂಬಿಡಿ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಪುದೀನ, ತುಳಸಿಯಂಥ ಘಮದ ಗಿಡಗಳ ಮಟ್ಟಿಗೆ ಆ ಒಂದು ವಾಕ್ಯದೊಳಗೆ ಎರಡು ವಾರಗಳ ಕೆಲಸ ಅಡಗಿದೆ. ಇವತ್ತು ನಾನು ಮಾತನಾಡುವುದು ಆ ಎರಡು ವಾರಗಳ ಬಗ್ಗೆ.

ನಾನು ಮೊದಲ ಸಲ ಪುದೀನ ಒಣಗಿಸಿದಾಗ ನಾಲ್ಕನೇ ದಿನಕ್ಕೇ ಎಲೆ ಕೈಯಲ್ಲಿ ಗರಿಗರಿ ಎಂದಿತು. ದಂಟಿನ ಸಮೇತ ಗಾಜಿನ ಭರಣಿಗೆ ತುಂಬಿ ಮುಚ್ಚಳ ಬಿಗಿದೆ. ಎರಡು ವಾರ ಬಿಟ್ಟು ತೆಗೆದರೆ ಪುದೀನದ ಘಮವೇ ಇಲ್ಲ, ಮುಗ್ಗಲು ವಾಸನೆ. ತಳದಲ್ಲಿ ಜೇಡರ ಬಲೆಯಂತೆ ಬೂದುಬಣ್ಣದ ಬೂಷ್ಟು ಹಬ್ಬಿತ್ತು. ಒಂದು ಋತುವಿನ ಬೆಳೆ ಅಷ್ಟೂ ಹೋಯಿತು. ಎಲೆ ಒಣಗಿದ್ದು ನಿಜ. ಆದರೆ ದಂಟು ಒಣಗಿರಲಿಲ್ಲ. ಮುಚ್ಚಿದ ಭರಣಿಯಲ್ಲಿ ದಂಟಿನೊಳಗಿನ ನೀರು ಮೆಲ್ಲಗೆ ಹೊರಬಂದು ಎಲೆಯನ್ನು ಮತ್ತೆ ತೇವ ಮಾಡಿತ್ತು.

ಹಸಿ ಎಲೆಯ ನೂರು ಗ್ರಾಂನಲ್ಲಿ ಎಂಬತ್ತು ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬರೀ ನೀರು. ಅದರಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಹೋಗಿಬಿಡುತ್ತದೆ. ಉಳಿದ ಸ್ವಲ್ಪ ನೀರೇ ಹಠಮಾರಿ. ದಂಟಿನಲ್ಲಿ, ಎಲೆಯ ನಡುನರದಲ್ಲಿ ಕೂತಿರುವ ಆ ಪಸೆ ಹೊರಮೈಗೆ ಬರಲು ಹೊತ್ತು ಬೇಕು. ಬಿಸಿ ಹೆಚ್ಚಿಸಿ ಅವಸರ ಮಾಡಿದರೆ ಹೊರಮೈ ಮೊದಲೇ ಒಣಗಿ ಬಿರುಸಾಗುತ್ತದೆ, ಒಳಗಿನ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಬಿಸಿಲು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಪುದೀನದ ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಅಡಿಭಾಗದ ತುಂಬ ಹೊಳೆಯುವ ಸಣ್ಣ ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದು ಎಣ್ಣೆಯ ಗ್ರಂಥಿ. ಎಂಟು ಜೀವಕೋಶಗಳು ಬಿಲ್ಲೆಯಂತೆ ಕೂತು ಎಣ್ಣೆ ತಯಾರಿಸುತ್ತವೆ, ಮೇಲಿನ ತೆಳುಪೊರೆಯ ಚೀಲದಲ್ಲಿ ಅದು ತುಂಬಿಕೊಳ್ಳುತ್ತದೆ. ಘಮವೆಲ್ಲ ಇರುವುದು ಆ ಚೀಲದಲ್ಲಿ. ಎಲೆಯನ್ನು ಉಜ್ಜಿದರೆ, ಕಿವುಚಿದರೆ, ಬಿಸಿಗೆ ಒಡ್ಡಿದರೆ ಅದು ಒಡೆಯುತ್ತದೆ. ಒಣಗಿಸುವಾಗ ಮನೆಯೆಲ್ಲ ಘಮ್ಮೆಂದರೆ ಹಿಗ್ಗಬೇಡಿ, ಮೂಗಿಗೆ ಬಂದಷ್ಟು ಘಮ ಎಲೆಯನ್ನು ಬಿಟ್ಟು ಬಂದದ್ದೇ. ಹಾಗಾಗಿ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ನೇರ ಬಿಸಿಲಿಗೆ ಹಸಿರು ಬಣ್ಣವೂ ಮಾಸುತ್ತದೆ.

ಕೊಯ್ಯುವುದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ. ಎಲೆಗಾಗಿ ಬೆಳೆದ ಗಿಡವಾದರೆ ಹೂ ಬಿಡುವ ಮುಂಚೆ. ಐದಾರು ದಂಟುಗಳನ್ನಷ್ಟೇ ಸೇರಿಸಿ ಸಣ್ಣ ಕಟ್ಟು ಕಟ್ಟಿ. ದಪ್ಪ ಕಟ್ಟಿನ ನಡುವೆ ಗಾಳಿ ಹೋಗುವುದಿಲ್ಲ, ಬೂಷ್ಟು ಮೊದಲು ಹುಟ್ಟುವುದು ಅಲ್ಲೇ. ಕತ್ತಲೆಯಿರುವ, ಗಾಳಿಯಾಡುವ ಜಾಗದಲ್ಲಿ ತಲೆಕೆಳಗಾಗಿ ತೂಗುಹಾಕಿ. ಫ್ಯಾನ್ ಹಾಕಿದರೂ ಗಾಳಿ ನೇರವಾಗಿ ಎಲೆಗೆ ಬಡಿಯದಿರಲಿ. ದೊಡ್ಡಪತ್ರೆಯಂಥ ದಪ್ಪ ಎಲೆಯನ್ನು ಕಟ್ಟುವುದೇ ಬೇಡ, ಒಂದೊಂದಾಗಿ ಬಿಡಿಸಿ ಹರವಬೇಕು.

ಒಣಗಿತೋ ಇಲ್ಲವೋ ಎಂದು ಎಲೆಯನ್ನು ಕೇಳಬೇಡಿ, ದಂಟನ್ನು ಕೇಳಿ. ಬಗ್ಗಿಸಿದಾಗ ಬಳುಕಿದರೆ ಇನ್ನೂ ಆಗಿಲ್ಲ. ಲಟಕ್ಕನೆ ಮುರಿದರೆ ಆಯಿತು.

ಆಯಿತೆಂದರೂ ಕೆಲಸ ಮುಗಿಯಲಿಲ್ಲ. ಹದ ಕೂಡುವುದು ಭರಣಿಯಲ್ಲಿ. ದಂಟು ಬಿಡಿಸಿ, ಎಲೆಯನ್ನು ಪುಡಿ ಮಾಡದೆ ಇಡಿಯಾಗಿ ಮುಕ್ಕಾಲು ಭರಣಿ ತುಂಬಿ ಮುಚ್ಚಿ. ಮಾರನೆಯ ಬೆಳಗ್ಗೆ ನೋಡಿ. ಗಾಜಿನ ಒಳಮೈ ಮಂಜಾಗಿದ್ದರೆ, ನಿನ್ನೆ ಗರಿಗರಿ ಎಂದ ಎಲೆ ಇವತ್ತು ಮೆತ್ತಗಾಗಿದ್ದರೆ, ತಕ್ಷಣ ಹೊರಗೆ ಸುರಿದು ಇನ್ನೊಂದು ದಿನ ಒಣಗಿಸಿ. ಒಂದು ವಾರ ದಿನಕ್ಕೊಮ್ಮೆ ಮುಚ್ಚಳ ತೆಗೆದು ಕೆಲವು ನಿಮಿಷ ಗಾಳಿಯಾಡಲು ಬಿಡಿ. ತೇವ ಅಳೆಯುವ ಪುಟ್ಟ ಮಾಪಕವನ್ನು ಭರಣಿಯೊಳಗೇ ಇಟ್ಟರೆ ಊಹೆಯ ಮಾತೇ ಇಲ್ಲ. ಒಳಗಿನ ಗಾಳಿಯ ತೇವಾಂಶ ಶೇಕಡಾ 65ಕ್ಕಿಂತ ಮೇಲಿದ್ದರೆ ಬೂಷ್ಟಿಗೆ ದಾರಿಯಾಗುತ್ತದೆ. 60ರ ಒಳಗೆ ನಿಂತರೆ ನಾನು ನೆಮ್ಮದಿಯಿಂದಿರುತ್ತೇನೆ.

ಬೂಷ್ಟು ಕಂಡರೆ ಆ ಭಾಗವನ್ನಷ್ಟೇ ಕಿತ್ತೆಸೆದು ಉಳಿದದ್ದನ್ನು ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲೊಂದು ಹಳೆಯ ಘಟನೆ ಹೇಳಲೇಬೇಕು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಅವು ತಿಂದದ್ದು ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡದ ಒಣಹುಲ್ಲು. ಸರಿಯಾಗಿ ಒಣಗಿದ ಹುಲ್ಲಿನಿಂದ ತೊಂದರೆಯಿರಲಿಲ್ಲ, ತೇವ ಉಳಿದು ಬೂಷ್ಟು ಹಿಡಿದ ಹುಲ್ಲೇ ಕಾರಣವೆಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು. ಆ ಗಿಡದಲ್ಲಿ ಕೂಮರಿನ್ ಎಂಬ ಪರಿಮಳದ ವಸ್ತುವಿದೆ. ಬೂಷ್ಟು ಅದನ್ನೇ ಡೈಕೂಮರಾಲ್ ಎಂಬ, ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವಾಗಿ ಮಾರ್ಪಡಿಸಿತ್ತು. 1933ರಲ್ಲಿ ರೈತರೊಬ್ಬರು ಸತ್ತ ಹಸುವಿನ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಹಿಮದ ನಡುವೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರಲ್ಲಿಗೆ ಬಂದರು. ಆ ವಸ್ತುವನ್ನು ಬೇರ್ಪಡಿಸಿ ಗುರುತಿಸಲು ಲಿಂಕ್ ಅವರ ತಂಡಕ್ಕೆ ಹಲವು ವರ್ಷ ಹಿಡಿಯಿತು. ಇವತ್ತು ವೈದ್ಯರು ಬರೆದುಕೊಡುವ ವಾರ್ಫರಿನ್ ಮಾತ್ರೆ ಆ ಕೆಲಸದಿಂದಲೇ ಹುಟ್ಟಿದ್ದು. ಪುದೀನದಲ್ಲಿ ಹೀಗೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಬೂಷ್ಟು ಕಣ್ಣಿಗೆ ಕಂಡಷ್ಟೇ ಜಾಗದಲ್ಲಿರುವುದಿಲ್ಲ, ಅದು ಬಿಡುವ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಭರಣಿ ಪೂರ್ತಿ ಚೆಲ್ಲಿಬಿಡಿ.

ಹದ ಕೂಡಿದ ಭರಣಿಗೆ ಗಿಡದ ಹೆಸರು, ಕೊಯ್ದ ತಾರೀಖು ಬರೆದ ಚೀಟಿ ಅಂಟಿಸಿ ಕತ್ತಲಲ್ಲಿಡಿ. ಪುಡಿ ಮಾಡುವುದು ಬಳಸುವ ಹೊತ್ತಿಗೆ ಮಾತ್ರ. ಇಡೀ ಎಲೆಯಲ್ಲಿ ಆ ಎಣ್ಣೆಯ ಚೀಲಗಳು ಬಹುಮಟ್ಟಿಗೆ ಹಾಗೇ ಉಳಿದಿರುತ್ತವೆ. ತಿಂಗಳುಗಳ ನಂತರ ಎರಡು ಎಲೆ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿ. ಕೊಯ್ದ ದಿನದ ಬೆಳಗ್ಗೆ ಬೆರಳಿಗೆ ಹತ್ತಿದ್ದ ಆ ತಣ್ಣನೆಯ ಘಮ ಅಂಗೈಯಿಂದೇಳುತ್ತದೆ.

ನಮಸ್ಕಾರ.