ಲೆಕ್ಕ ಯಾರ ಕಡೆಯದು?

ಎಲ್ಲರಿಗೂ ನಮಸ್ಕಾರ. ನಿಮ್ಮ ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅರ್ಥಶಾಸ್ತ್ರ ಓದ್ತಿರೋ ಮಕ್ಕಳು ಎಂ.ಬಿ.ಎ.ಗೆ ಹೋಗ್ಲಾ ಅಂತ ಕೇಳ್ತಾನೇ ಇರ್ತಾರೆ. ನೀವು ಹೋದವರು, ನೀವೇ ಬಂದು ಹೇಳಿ." ಹಾಗಾಗಿ ಬಂದೆ.

ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿಯ ನಡುವೆಯೇ ಮೇಜರ್, ಅಂದರೆ ಮುಖ್ಯ ವಿಷಯ, ಬದಲಾಯಿಸಬಹುದು. ಒಂದೆರಡು ವರ್ಷ ಅರ್ಥಶಾಸ್ತ್ರ ಓದಿ ಬಿಸಿನೆಸ್ ಕಡೆಗೆ ಅರ್ಜಿ ಹಾಕುವವರಿದ್ದಾರೆ. ನಮ್ಮಲ್ಲಿ ಬಿ.ಎ. ಸೇರಿದವರು ನಡುವೆ ಬಿ.ಕಾಂ.ಗೆ ಜಿಗಿಯುವುದು ಕಷ್ಟ. ನಾನೂ ಡಿಗ್ರಿ ಮುಗಿಸಿಕೊಂಡೇ ಜಿಗಿದೆ.

ಎಂ.ಬಿ.ಎ.ಯ ಮೊದಲ ಅಕೌಂಟ್ಸ್ ತರಗತಿ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ನಗದು ಬಂದರೆ ಡೆಬಿಟ್. ನಾನು ಎದ್ದು ನಿಂತೆ. "ಸಾರ್, ತಪ್ಪಲ್ವಾ? ನನಗೆ ದುಡ್ಡು ಬಂದಾಗ ಬ್ಯಾಂಕಿನವರು ಕ್ರೆಡಿಟ್ ಆಗಿದೆ ಅಂತ ಮೆಸೇಜ್ ಕಳಿಸ್ತಾರೆ." ಬಿ.ಕಾಂ. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. "ಆ ಮೆಸೇಜು ಯಾರ ಲೆಕ್ಕದ ಪುಸ್ತಕದ್ದು?" ಅಂತ ಕೇಳಿದರು.

ಯೋಚನೆ ಮಾಡಿ. ನಿಮ್ಮ ದುಡ್ಡು ಬ್ಯಾಂಕಿನ ಪಾಲಿಗೆ ಸಾಲ, ನೀವು ಕೇಳಿದಾಗ ಕೊಡಬೇಕಾದ್ದು. ಅದಕ್ಕೇ ಅವರ ಪುಸ್ತಕದಲ್ಲಿ ಕ್ರೆಡಿಟ್. ಅದೇ ದುಡ್ಡು ನಿಮ್ಮ ಪುಸ್ತಕದಲ್ಲಿ ಆಸ್ತಿ, ಹಾಗಾಗಿ ಡೆಬಿಟ್. ಮೂರು ವರ್ಷ ಅರ್ಥಶಾಸ್ತ್ರ ಓದಿದ್ದ ನನಗೆ ಈ ಪ್ರಶ್ನೆ ಹೊಸದು. ನಾವು ಮಾರುಕಟ್ಟೆಯನ್ನು ಯಾವಾಗಲೂ ಬೀದಿಯಲ್ಲಿ ನಿಂತು ನೋಡಿದವರು. ಗಲ್ಲಾದ ಹಿಂದೆ ಕೂತವರಲ್ಲ.

ಇದಕ್ಕೆ ಮುಂಚೆ ಒಂದು ಪೆಟ್ಟು ಬಿದ್ದಿತ್ತು. ನಮ್ಮ ಸೋದರಮಾವನದು ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಬಾಗಿಲ ಚಿಲಕ, ಪೈಪು. ಕಟ್ಟಡ ಸ್ವಂತದ್ದು. ನಾನು ಎರಡನೇ ವರ್ಷದ ಬಿ.ಎ.ಯಲ್ಲಿ ಅವಕಾಶ ವೆಚ್ಚದ ಪಾಠ, ಅಂದರೆ ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ ಇನ್ನೊಂದರ ಬೆಲೆ, ಓದಿ ಸೀದಾ ಅಲ್ಲಿಗೆ ಹೋದೆ. ಅವರಿಗೆ ಉಳಿಯುತ್ತಿದ್ದದ್ದು ತಿಂಗಳಿಗೆ 22,000. ಕಟ್ಟಡವನ್ನು ಬಾಡಿಗೆಗೆ ಬಿಟ್ಟರೆ 12,000 ಬರುತ್ತೆ. ಬೇರೆ ಕಡೆ ಕೆಲಸಕ್ಕೆ ಹೋದರೆ 15,000 ಸಂಬಳ. ಬಿಲ್ಲಿನ ಹಿಂದೆಯೇ ಕೂಡಿ ಕಳೆದು ತೋರಿಸಿದೆ: "ಮಾವ, ನಿಮಗೆ ತಿಂಗಳಿಗೆ ಐದು ಸಾವಿರ ಲಾಸು."

ಮಾವ ಮೊಳೆ ತೂಗುತ್ತಲೇ ಹೇಳಿದರು: "ಹೌದೇನೋ? ಮತ್ತೆ ನಿನ್ನ ಫೀಸು ಕಟ್ಟಿದ್ದು ಯಾವ ದುಡ್ಡಲ್ಲಿ?"

ಅವರ ಲೆಕ್ಕವೂ ಸರಿ, ನನ್ನದೂ ಸರಿ. ಗಲ್ಲಾದಲ್ಲಿ ಎಷ್ಟು ಉಳಿಯಿತು ಅನ್ನುವುದು ಅವರ ಲೆಕ್ಕ. ಈ ಅಂಗಡಿ ಬಿಟ್ಟು ಬೇರೇನು ಮಾಡಬಹುದಿತ್ತು ಅನ್ನುವುದು ನನ್ನದು. ಮೊದಲನೆಯದನ್ನು ನನಗೆ ಬಿ.ಎ.ಯಲ್ಲಿ ಯಾರೂ ಕಲಿಸಿರಲಿಲ್ಲ. ಎರಡನೆಯದನ್ನು ಎಂ.ಬಿ.ಎ. ಗೆಳೆಯರು ಪರೀಕ್ಷೆ ಮುಗಿದ ಕೂಡಲೇ ಮರೆತರು.

ಹೀಗೆ ಬೀದಿ ಬಿಟ್ಟು ಗಲ್ಲಾದ ಕಡೆಯಿಂದ ನೋಡುವ ಆಟದಲ್ಲಿ ದೊಡ್ಡ ಹೆಸರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಪೋರ್ಟರ್. ಕೆಲವು ಉದ್ಯಮಗಳಲ್ಲಿ ಲಾಭ ಯಾಕೆ ಜಾಸ್ತಿ, ಹೊಸಬರು ಒಳಗೆ ಬರದಂತೆ ತಡೆಯುವುದೇನು ಅಂತ ಅರ್ಥಶಾಸ್ತ್ರಜ್ಞರು ಮೊದಲೇ ಹುಡುಕಿದ್ದರು. 1956ರಲ್ಲಿ ಜೋ ಬೇನ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರಿಗೆಲ್ಲ ಆ ತಡೆಗೋಡೆ ಒಂದು ರೋಗ. ಅದರಿಂದ ಗಿರಾಕಿಗೆ ನಷ್ಟ ಅಲ್ವಾ? ಪೋರ್ಟರ್ 1979ರ ಲೇಖನದಲ್ಲಿ ಅದೇ ವಿಚಾರವನ್ನು ತಿರುಗಿಸಿ ಕಂಪನಿಯ ಕೈಗೆ ಕೊಟ್ಟರು: ಗೋಡೆ ಎಲ್ಲಿದೆ ನೋಡಿ, ಅದರ ಒಳಗೆ ಜಾಗ ಹಿಡಿಯಿರಿ. ಎಂ.ಬಿ.ಎ.ಯಲ್ಲಿ 'ಫೈವ್ ಫೋರ್ಸಸ್', ಅಂದರೆ ಉದ್ಯಮದ ಲಾಭವನ್ನು ನಿರ್ಧರಿಸುವ ಐದು ಶಕ್ತಿಗಳು, ಅಂತ ಓದುವುದು ಇದನ್ನೇ. ಏಕಸ್ವಾಮ್ಯ ಕೆಟ್ಟದ್ದು ಅಂತ ಉತ್ತರ ಬರೆದು ಪಾಸಾದ ನನಗೆ ಆ ತರಗತಿಯಲ್ಲಿ ಸ್ವಲ್ಪ ಕಸಿವಿಸಿ ಆಯಿತು. ಈಗಲೂ ಆಗುತ್ತದೆ.

ಎದುರು ದಾರಿಯಲ್ಲಿ, ವಾಣಿಜ್ಯದಿಂದ ಅರ್ಥಶಾಸ್ತ್ರಕ್ಕೆ, ಬಂದವರೂ ಇದ್ದಾರೆ. ರೊನಾಲ್ಡ್ ಕೋಸ್ ಲಂಡನ್ನಿನಲ್ಲಿ ಓದಿದ್ದು ಬಿ.ಕಾಂ. 1931ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕಕ್ಕೆ ಹೋಗಿ ಕಾರ್ಖಾನೆ ಸುತ್ತಿದರು. ಅವರದು ಹುಡುಗರು ಕೇಳುವಂಥ ಪ್ರಶ್ನೆ. ಎಲ್ಲವನ್ನೂ ಬೆಲೆಯೇ ಹೊಂದಿಸುವುದಾದರೆ ಕಂಪನಿ ಅಂತ ಒಂದು ಯಾಕೆ ಬೇಕು? ಮಾವ ಅಂಗಡಿ ಹುಡುಗನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಒಬ್ಬನನ್ನು ಹುಡುಕಿ, ಚೌಕಾಸಿ ಮಾಡಿ, ಕೆಲಸ ವಿವರಿಸಿ ಕೂರಿಸಿದರೆ ಬಾಗಿಲು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ. ಮಾರುಕಟ್ಟೆ ಬಳಸುವುದಕ್ಕೂ ಖರ್ಚಿದೆ. ಕೋಸ್ ಇದನ್ನು 1937ರಲ್ಲಿ ಬರೆದರು. 1991ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಿ.ಕಾಂ.ನವರನ್ನು ಸುಮ್ನೆ ರೇಗಿಸಬೇಡಿ!

ಇನ್ನು ನಿಮ್ಮ ವಿಷಯ. ಎಂ.ಬಿ.ಎ.ಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಸಾಮಾನ್ಯವಾಗಿ 50% ಅಂಕ ಬೇಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ರವರಿಗೆ 45%. ಪ್ರವೇಶ ಪರೀಕ್ಷೆ ಪಿಜಿಸಿಇಟಿ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಸೇರುವ ಮುಂಚಿನ ರಜೆಯಲ್ಲಿ ಅಕೌಂಟ್ಸ್ ಮತ್ತು ಎಕ್ಸೆಲ್ ಕಲಿತುಬಿಡಿ. ನನ್ನಂತೆ ನಗೆಪಾಟಲಾಗಬೇಡಿ. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ ಅನ್ನುವುದು, ನಿಮಗೆ ಗೊತ್ತಿರುವುದರಿಂದ ಬೆಲೆ ನಿಗದಿಯ ಪಾಠದಲ್ಲಿ ನೀವೇ ಮುಂದಿರುತ್ತೀರಿ.

ಖರ್ಚಿನ ಲೆಕ್ಕ ಹಾಕುವಾಗ ಫೀಸು ಒಂದನ್ನೇ ಬರೆಯಬೇಡಿ. ಡಿಗ್ರಿ ಮುಗಿದಾಗ ನನಗೆ ತಿಂಗಳಿಗೆ 11,000ದ ಕೆಲಸವೊಂದು ಸಿಕ್ಕಿತ್ತು. ಅದನ್ನು ಬಿಟ್ಟು ಎರಡು ವರ್ಷ ಓದಿದೆ. ಬಿಟ್ಟ ಸಂಬಳವೇ 2,64,000 ಆಯಿತು, ನಾನು ಕಟ್ಟಿದ ಫೀಸಿಗಿಂತ ಜಾಸ್ತಿ. ಬಿಲ್ಲಿನ ಹಿಂದೆ ಮಾವನಿಗೆ ಹಾಕಿ ಕೊಟ್ಟದ್ದೂ ಇದೇ ಲೆಕ್ಕ. ನನ್ನ ಈ ಲೆಕ್ಕವನ್ನು ಮಾತ್ರ ಅವರಿಗೆ ಇನ್ನೂ ತೋರಿಸಿಲ್ಲ.