ಐದು ಪಟ್ಟಿ, ಒಂದು ದಿನ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದೇ ಒಂದು ಧ್ವನಿಮುದ್ರಿಕೆಯ ಮಾತು. 1967ರ ‘ಕಾಲ್ ಆಫ್ ದಿ ವ್ಯಾಲಿ’. ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್ ಭೂಷಣ್ ಕಾಬ್ರಾ, ತಬಲಾ ಮಾಣಿಕ್‌ರಾವ್ ಪೋಪಟ್ಕರ್. ಇದರ ಪಹಾಡಿ ರಾಗವನ್ನು ನೀವು ಎಲ್ಲೋ ಬಿಡಿಯಾಗಿ ಕೇಳಿರುತ್ತೀರಿ. ಅದು ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಮೊದಲಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ಕೇಳಬೇಕು.

ಯಾಕೆಂದರೆ ಇದು ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ. ನಸುಕಿಗೆ ಅಹಿರ್ ಭೈರವ್ ರಾಗ, ಹೊತ್ತೇರಿದಂತೆ ನಟ್ ಭೈರವ್, ಆಮೇಲೆ ಪೀಲೂ, ಸಂಜೆಗೆ ಭೂಪ್, ರಾತ್ರಿಗೆ ದೇಶ್, ಕೊನೆಗೆ ಪಹಾಡಿ. ಹಿಂದೂಸ್ತಾನಿಯ ಭೂಪ್ ಅಂದರೆ ಕರ್ನಾಟಕ ಸಂಗೀತದ ನಮ್ಮ ಮೋಹನವೇ, ಗಾಬರಿ ಬೇಡ. ರಾಗ ಆರು, ಪಟ್ಟಿ ಅಂದರೆ ಟ್ರ್ಯಾಕ್ ಐದೇ. ಮೊದಲೆರಡು ರಾಗ ಒಂದೇ ಪಟ್ಟಿಯಲ್ಲಿವೆ.

ಆ ಮೊದಲ ಪಟ್ಟಿಯಲ್ಲಿ ರಿಷಭವೊಂದನ್ನೇ, ಅಂದರೆ ಸರಿಗಮದ ‘ರಿ’ಯನ್ನೇ, ಹಿಡಿದು ಕೂರಿ. ಅಹಿರ್ ಭೈರವದಲ್ಲಿ ಅದು ಕೋಮಲ, ಅಂದರೆ ತಗ್ಗಿದ್ದು, ಷಡ್ಜಕ್ಕೆ (‘ಸ’ಕ್ಕೆ) ಅಂಟಿಕೊಂಡೇ ಇರುತ್ತದೆ. ನಟ್ ಭೈರವಕ್ಕೆ ದಾಟಿದಾಗ ಅದೇ ರಿಷಭ ಶುದ್ಧವಾಗಿ ಮೇಲೇಳುತ್ತದೆ. ಬಿಸಿಲು ಬಿತ್ತು ಅಂದುಕೊಳ್ಳಿ. ಕರ್ನಾಟಕ ಸಂಗೀತದ ಕಿವಿಗೆ ಹೇಳುವುದಾದರೆ, ಚಕ್ರವಾಕ ರಾಗದಿಂದ ಸರಸಾಂಗಿಗೆ ಹೋದ ಹಾಗೆ. ನಡುವಿನಿಂದ ಶುರು ಮಾಡಿದವರಿಗೆ ಈ ಬೆಳಗೇ ಇಲ್ಲ.

ಇನ್ನು ಸಂತೂರಿನ ಕಥೆ. ಇದು ಹೇಳಲೇಬೇಕು. ಕಾಶ್ಮೀರದಲ್ಲಿ ಅದು ಸೂಫಿ ಹಾಡಿಗೆ ಜೊತೆಗೂಡುತ್ತಿದ್ದ ವಾದ್ಯ. ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ತುಂಡುಗಳಿಗೆ ಕುದುರೆ ಎನ್ನುತ್ತಾರೆ. ಇಪ್ಪತ್ತೈದು ಕುದುರೆ, ಒಂದೊಂದರ ಮೇಲೆ ನಾಲ್ಕು ತಂತಿ, ಒಟ್ಟು ನೂರು. ಎರಡು ಸಣ್ಣ ಮರದ ಕಡ್ಡಿಗಳಿಂದ ಹೊಡೆದು ನುಡಿಸುವುದು. ತೊಂದರೆ ಅಲ್ಲೇ. ಹೊಡೆದ ಸ್ವರ ಟಣ್ ಎಂದು ಹುಟ್ಟಿ ಅಲ್ಲೇ ಸಾಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದರಲ್ಲಿ ಹುಟ್ಟದು. ಮೀಂಡ್ ಇಲ್ಲದೆ ರಾಗವೆಲ್ಲಿ? 1955ರಲ್ಲಿ ಹದಿನೇಳರ ಹುಡುಗ ಶಿವಕುಮಾರ್ ಮುಂಬಯಿಯ ವೇದಿಕೆಯಲ್ಲಿ ಇದನ್ನು ನುಡಿಸಿದಾಗ ಪಂಡಿತರ ತಕರಾರು ಇದೇ. ಅವರು ಸುಮ್ಮನೆ ಹೇಳಿದ್ದಲ್ಲ, ತಕರಾರಿನಲ್ಲಿ ಹುರುಳಿತ್ತು. ಹುಡುಗ ಜಗಳಕ್ಕೆ ಹೋಗಲಿಲ್ಲ, ವಾದ್ಯವನ್ನೇ ತಿದ್ದಿದ. ಕುದುರೆಗಳನ್ನು ಹೊಸದಾಗಿ ಜೋಡಿಸಿ ಹನ್ನೆರಡೂ ಸ್ವರಸ್ಥಾನಗಳು ಸಿಗುವ ಹಾಗೆ ಶ್ರುತಿ ಮಾಡಿದ. ಎದುರಿಗೆ ಮರದ ಪೀಠದ ಮೇಲಿಡುತ್ತಿದ್ದ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡ, ಬೇಡದ ಗುಂಯ್‌ಗುಡುವಿಕೆ ತಗ್ಗಿತು. ಕಡ್ಡಿಯನ್ನು ಹೊಡೆಯುವ ಬದಲು ತಂತಿಯ ಮೇಲೆ ಹಗುರವಾಗಿ ಜಾರಿಸಿದರೆ ಸಣ್ಣ ಪೆಟ್ಟುಗಳು ಒತ್ತೊತ್ತಾಗಿ ಬಿದ್ದು ಸ್ವರ ಎಳೆದಂತೆ ಕೇಳುತ್ತದೆ. ನಿಧಾನದ ಜಾಗಗಳಲ್ಲಿ ಆ ಸರ್‌ರ್ ಸದ್ದು ಹುಡುಕಿ.

ಇಷ್ಟಾದರೂ ಮೀಂಡ್ ಪೂರ್ತಿ ಬರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಗಿಟಾರ್. ಕಾಬ್ರಾ ಅದನ್ನು ಅಡ್ಡಲಾಗಿ ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾರೆ. ಸಂತೂರ್ ಚುಕ್ಕಿ ಇಟ್ಟರೆ ಗಿಟಾರ್ ಗೆರೆ ಎಳೆಯುತ್ತದೆ. ಕೊಳಲಿನ ಬಗ್ಗೆ ಹೇಳಬೇಕಾದ್ದು ಬಹಳ, ಆದರೆ ಹೊತ್ತಾಗುತ್ತಿದೆ. ಒಂದು ಮಾತು: ಕೊಳಲು ಉಸಿರಿಗೆ ನಿಂತಾಗ ಮುಂದಕ್ಕೆ ಓಡಿಸಬೇಡಿ.

ಕೇಳುವ ಕ್ರಮ ಬೇಗ ಹೇಳಿಬಿಡುತ್ತೇನೆ. ಫೋನಿನಲ್ಲಿ ಶಫಲ್ ಆಫ್ ಮಾಡಿ, ಇಲ್ಲದಿದ್ದರೆ ರಾತ್ರಿಯ ದೇಶ್ ಮುಗಿದು ನಸುಕಿನ ಅಹಿರ್ ಭೈರವ್ ಬಂದು ಕೂರುತ್ತದೆ. ಕ್ರಾಸ್‌ಫೇಡ್ ಕೂಡ ಆಫ್. ಅದು ಒಂದು ರಾಗದ ಕೊನೆಯನ್ನು ಇನ್ನೊಂದರ ಆಲಾಪಕ್ಕೆ ಬೆರೆಸಿ ಶ್ರುತಿ ಕೆಡಿಸುತ್ತದೆ. ಬಾಸ್ ಏರಿಸಬೇಡಿ, ತಬಲಾದ ಎಡಗೈ ಉಬ್ಬಿ ಸಂತೂರಿನ ಕೊನೆಯ ಮಿಡಿತಗಳನ್ನು ನುಂಗುತ್ತದೆ. ಸದ್ದು ಮಾತಾಡುವಷ್ಟೇ ಇರಲಿ. ಮತ್ತೆ ಹೇಳುತ್ತೇನೆ, ಮೊದಲಿಂದ ಕೊನೆಯವರೆಗೆ.

ಕೊನೆ ಎಲ್ಲಿ ಅಂತ ಗೊತ್ತಿರಲಿ. ಮೂಲದಲ್ಲಿ ಇದ್ದದ್ದು ಐದೇ ಪಟ್ಟಿ. ಆಮೇಲಿನ ಸಿ.ಡಿ.ಯಲ್ಲಿ ಬೇರೆ ಕೆಲವು ಪಟ್ಟಿ ಸೇರಿಸಿದ್ದಾರೆ. ಚೆನ್ನಾಗಿಯೇ ಇವೆ, ಆದರೆ ಈ ದಿನಕ್ಕೆ ಸೇರಿದವಲ್ಲ. ಕುರಿಗಾಹಿ ಈಗಷ್ಟೇ ಮಲಗಿದ್ದಾನೆ. ಪಹಾಡಿ ಮುಗಿದ ಕೂಡಲೇ ನಿಲ್ಲಿಸಿ. ನಮಸ್ಕಾರ.